'ಬೇಡ' ಅನ್ನೋದಕ್ಕೆ ಜಾಗ ಇರಲಿ: ಮನಃಶಾಸ್ತ್ರದ ಸಂಶೋಧನೆಗೆ ಜನರ ಮುಂದೆ ಕೂರುವವರಿಗೆ

ಎಂ.ಎಸ್ಸಿ. ಮನಃಶಾಸ್ತ್ರದ ಕೊನೆಯ ಸೆಮಿಸ್ಟರ್. ಡಿಸರ್ಟೇಶನ್, ಅಂದರೆ ಸಂಶೋಧನಾ ಪ್ರಬಂಧ, ಕೊಡಲು ಎರಡೇ ತಿಂಗಳು ಬಾಕಿ. ಬ್ಯಾಗಿನಲ್ಲಿ ಜೆರಾಕ್ಸ್ ಮಾಡಿಸಿದ ಪ್ರಶ್ನಾವಳಿಗಳ ಕಟ್ಟು. ಪರಿಚಯದ ಮೇಷ್ಟ್ರಿಗೆ ಒಂದು ಫೋನು. "ಸಾರ್, ನಿಮ್ಮ ಕಾಲೇಜಲ್ಲಿ ಒಂದು ಪೀರಿಯಡ್ ಸಿಗುತ್ತಾ?" "ಬಾರಮ್ಮ, ಅದಕ್ಕೇನಂತೆ." ಮರುದಿನ ಮೇಷ್ಟ್ರೇ ತರಗತಿಗೆ ಬಂದು, "ಎಲ್ಲರೂ ತುಂಬಿ ಕೊಡಿ, ಯಾರೂ ಎದ್ದು ಹೋಗಬೇಡಿ" ಅನ್ನುತ್ತಾರೆ. ನಲವತ್ತು ನಿಮಿಷದಲ್ಲಿ ಅರವತ್ತು ಹಾಳೆ ಕೈಗೆ ಬರುತ್ತವೆ. ಅರವತ್ತರಲ್ಲೂ ಸಹಿ ಇರುತ್ತದೆ.

ಅರವತ್ತರಲ್ಲಿ ನಿಜಕ್ಕೂ ಒಪ್ಪಿದವರು ಎಷ್ಟು? ಹೇಳಲು ಆಗುವುದಿಲ್ಲ. ಬೇಡ ಎನ್ನಲು ಯಾರಿಗೂ ದಾರಿಯೇ ಇರಲಿಲ್ಲವಲ್ಲ.

ವಿದ್ಯಾರ್ಥಿಗಳ ಸಂಶೋಧನೆಗಳನ್ನು ನೋಡುತ್ತ ಬಂದ ನನಗೆ ಅನ್ನಿಸಿರುವುದು ಇಷ್ಟು: ನಮ್ಮಲ್ಲಿ ಯಾರೂ ಬೇಕಂತಲೇ ಜನರಿಗೆ ನೋವು ಮಾಡುವುದಿಲ್ಲ. ತಪ್ಪು ಆಗುವುದು ಬೇರೆ ಕಡೆ. ಬಾಗಿಲಿಗೆ ಬಂದವರಿಗೆ 'ಆಗಲ್ಲ ಹೋಗಿ' ಅನ್ನುವುದು ನಮ್ಮ ಜನಕ್ಕೆ ಕಷ್ಟ. ಮೇಷ್ಟ್ರು, ಡಾಕ್ಟರು, ಆಶಾ ಕಾರ್ಯಕರ್ತೆ ಜೊತೆಗಿದ್ದರಂತೂ ಇನ್ನೂ ಕಷ್ಟ. ಆ ಕಷ್ಟವನ್ನು ಇಳಿಸುವ ಕೆಲಸ ಪ್ರಶ್ನೆ ಕೇಳಲು ಹೋದವರದು. ಅದನ್ನು ಹೇಗೆ ಮಾಡುವುದು ಅಂತ ಕೆಲಸ ಸಾಗುವ ಕ್ರಮದಲ್ಲೇ ಬರೆದಿದ್ದೇನೆ.

ಪ್ರಶ್ನೆ ಆರಿಸುವಾಗಲೇ ಶುರು ಮಾಡಿ

ಪ್ರಶ್ನಾವಳಿ ಹಿಡಿದುಕೊಂಡು ಕೂರಿ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆಯಿರಿ: ಈ ಉತ್ತರ ವರದಿಯ ಯಾವ ಟೇಬಲ್‌ಗೆ ಹೋಗುತ್ತದೆ? ಎಲ್ಲಿಗೂ ಹೋಗದಿದ್ದರೆ ಹೊಡೆದುಹಾಕಿ. ಜಾತಿ, ಮನೆಯ ಆದಾಯ, ಗಂಡ ಕುಡಿಯುತ್ತಾನಾ ಎಂಬ ಪ್ರಶ್ನೆಗಳು ಎಷ್ಟೋ ಸಲ ಹಳೆಯ ಡಿಸರ್ಟೇಶನ್‌ನಿಂದ ಸುಮ್ನೆ ನಕಲಾಗಿ ಬಂದಿರುತ್ತವೆ. ಕೇಳಿಸಿಕೊಂಡವರಿಗೆ ಮಾತ್ರ ಅದು ಸುಮ್ನೆ ಅಲ್ಲ.

ಆಮೇಲೆ ಅಪಾಯದ ಲೆಕ್ಕ. ದಿನನಿತ್ಯದ ಬದುಕಿನಲ್ಲಿ ಆಗುವುದಕ್ಕಿಂತ ಜಾಸ್ತಿ ತೊಂದರೆ ಆಗದಿದ್ದರೆ ಅದನ್ನು ಕನಿಷ್ಠ ಅಪಾಯ ಅನ್ನುತ್ತಾರೆ. ಪರದೆಯ ಮೇಲೆ ಬಣ್ಣ ಕಂಡ ಕೂಡಲೇ ಗುಂಡಿ ಒತ್ತುವ ಪರೀಕ್ಷೆ ಅಂಥದ್ದು. ಆತ್ಮಹತ್ಯೆ ಮಾಡಿಕೊಂಡ ರೈತನ ಹೆಂಡತಿಯ ಮುಂದೆ ಕೂತು "ಆ ದಿನ ಏನಾಯ್ತು?" ಎಂದು ಕೇಳುವುದು ಅಂಥದ್ದಲ್ಲ. ಪೊಲೀಸರು, ತಹಶೀಲ್ದಾರರ ಕಚೇರಿಯವರು, ಪತ್ರಿಕೆಯವರು ಈಗಾಗಲೇ ಕೇಳಿರುತ್ತಾರೆ. ಮತ್ತೆ ಕೇಳುವ ಅಗತ್ಯ ನಿಮ್ಮ ಅಧ್ಯಯನಕ್ಕೆ ನಿಜವಾಗಿ ಇದೆಯಾ? ಇಲ್ಲದಿದ್ದರೆ ವಿಷಯವನ್ನೇ ಬದಲಿಸಿ. ಗೈಡ್, ಅಂದರೆ ನಿಮ್ಮ ಸಂಶೋಧನೆಗೆ ಮಾರ್ಗದರ್ಶನ ಮಾಡುವವರು, ಬೈಯ್ದರೂ ಪರವಾಗಿಲ್ಲ.

ಎಥಿಕ್ಸ್ ಕಮಿಟಿ

ಅಧ್ಯಯನ ಶುರುವಾಗುವ ಮೊದಲು ಅದರಿಂದ ಜನರಿಗೆ ತೊಂದರೆ ಆಗುತ್ತದಾ ಎಂದು ನೋಡಿ ಒಪ್ಪಿಗೆ ಕೊಡುವ ಗುಂಪು ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2017ರಲ್ಲಿ ಹೊರತಂದ ರಾಷ್ಟ್ರೀಯ ಮಾರ್ಗಸೂಚಿಯೇ ಇಲ್ಲಿ ಆಧಾರ. ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಮತ್ತು ವರ್ತನೆಯ ಅಧ್ಯಯನಗಳೂ ಅದರಲ್ಲಿ ಸೇರಿವೆ. ಅದರ ಪ್ರಕಾರ ಕಮಿಟಿಯಲ್ಲಿ 7ರಿಂದ 15 ಜನ ಇರಬೇಕು. ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ವಿಷಯ ಓದಿಕೊಂಡಿಲ್ಲದ ಸಾಮಾನ್ಯ ಜನರ ಪರವಾಗಿಯೂ ಒಬ್ಬರು ಇರಬೇಕು. ಅವರ ಪ್ರಶ್ನೆಗೆ ಉತ್ತರ ಕೊಡಲು ಬಂದರೆ ನಿಮ್ಮ ತಯಾರಿ ಚೆನ್ನಾಗಿದೆ ಅಂತಲೇ ಅರ್ಥ.

ಅರ್ಜಿ ಡೇಟಾ ತೆಗೆದುಕೊಳ್ಳುವ ಮೊದಲೇ ಹೋಗಬೇಕು. ಎಲ್ಲ ಮುಗಿದ ಮೇಲೆ ಒಪ್ಪಿಗೆ ಕೇಳಿದರೆ ಸಿಗುವುದಿಲ್ಲ, ಜರ್ನಲ್‌ನವರು ಕೇಳುವ ಅನುಮತಿ ಸಂಖ್ಯೆಯೂ ಇರುವುದಿಲ್ಲ. ಕಾಲೇಜಿನಲ್ಲಿ ಕಮಿಟಿ ಇಲ್ಲದಿದ್ದರೆ ವಿಶ್ವವಿದ್ಯಾಲಯದ ಅಥವಾ ಹತ್ತಿರದ ಮೆಡಿಕಲ್ ಕಾಲೇಜಿನ ಕಮಿಟಿ ಹೊರಗಿನ ಅರ್ಜಿ ತೆಗೆದುಕೊಳ್ಳುತ್ತದಾ ಎಂದು ಗೈಡ್ ಮೂಲಕ ವಿಚಾರಿಸಿ.

ಮಾನಸಿಕ ಕಾಯಿಲೆ ಇರುವವರ ಬಳಿ ಹೋಗುವುದಾದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಕಲಂ ಓದಿ. ಬರೀ ಸಂದರ್ಶನ ಮಾಡುವುದಕ್ಕೂ ಅವರ ಮುಕ್ತ ಒಪ್ಪಿಗೆ ಬೇಕು ಎಂದು ಅದರಲ್ಲಿದೆ. "ಮನೆಯವರು ಹೂಂ ಅಂದ್ರು" ಅನ್ನುವುದು ಒಪ್ಪಿಗೆಯಲ್ಲ.

ಮಾಹಿತಿ ಪತ್ರವನ್ನು ಅಜ್ಜಿಗೆ ಓದಿ ಹೇಳಿ

ಅಧ್ಯಯನದ ಬಗ್ಗೆ ಜನರಿಗೆ ತಿಳಿಸಲು ಕೊಡುವ ಈ ಪತ್ರದಲ್ಲಿ ಸಾಮಾನ್ಯವಾಗಿ ಕಾಣುವ ಸಾಲು ಹೀಗಿರುತ್ತದೆ: "ಪ್ರಸ್ತುತ ಅಧ್ಯಯನದ ಉದ್ದೇಶ, ಕಾರ್ಯವಿಧಾನ ಹಾಗೂ ಸಂಭಾವ್ಯ ಅಪಾಯಗಳನ್ನು ಅರ್ಥೈಸಿಕೊಂಡು ಸ್ವಯಂಪ್ರೇರಿತನಾಗಿ ಪಾಲ್ಗೊಳ್ಳಲು ಸಮ್ಮತಿಸುತ್ತೇನೆ." ಇಂಗ್ಲಿಷ್ ನಮೂನೆಯನ್ನು ಎತ್ತಿ ಕನ್ನಡಕ್ಕೆ ಇಳಿಸಿದ್ದು. ಓದಿದವರಿಗೆ ಇದು ರಿಜಿಸ್ಟ್ರಾರ್ ಕಚೇರಿಯ ಪತ್ರದ ಹಾಗೆ ಕಾಣುತ್ತದೆ. ಅದರ ಬದಲು ಹೀಗೆ ಬರೆದು ನೋಡಿ:

"ನಾನು ಎಂ.ಎಸ್ಸಿ. ಓದುತ್ತಿದ್ದೇನೆ. ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ ನಿದ್ದೆ ಹೇಗೆ ಬರುತ್ತದೆ, ಮನಸ್ಸು ಹೇಗಿರುತ್ತದೆ ಎಂದು ತಿಳಿಯಲು ಬಂದಿದ್ದೇನೆ. 32 ಪ್ರಶ್ನೆಗಳಿವೆ. ಸುಮಾರು 40 ನಿಮಿಷ ಬೇಕು. ಕೆಲವು ಪ್ರಶ್ನೆ ಕೇಳಿ ಮನಸ್ಸಿಗೆ ಬೇಜಾರಾಗಬಹುದು. ಇಷ್ಟವಿಲ್ಲದ್ದನ್ನು ಬಿಟ್ಟುಬಿಡಿ. ನಡುವೆ ಎದ್ದು ಹೋಗಬಹುದು, ಕಾರಣ ಹೇಳಬೇಕಾಗಿಲ್ಲ. ಇದು ಸರ್ಕಾರದ ಕೆಲಸವಲ್ಲ. ಇದರಿಂದ ಯಾವ ಯೋಜನೆಯ ದುಡ್ಡೂ ಬರುವುದಿಲ್ಲ, ಇರುವ ರೇಷನ್ ಕಾರ್ಡೂ ಹೋಗುವುದಿಲ್ಲ. ನೀವು ಹೇಳಿದ್ದನ್ನು ಫ್ಯಾಕ್ಟರಿಯವರಿಗೆ ತೋರಿಸುವುದಿಲ್ಲ."

ರೇಷನ್ ಕಾರ್ಡಿನ ಮಾತನ್ನು ಬೇಕಂತಲೇ ಹಾಕಿದ್ದೇನೆ. ಕೈಯಲ್ಲಿ ಹಾಳೆ ಹಿಡಿದು ಬಂದವರನ್ನು ಹಳ್ಳಿಯಲ್ಲಿ ಮೊದಲು ಸರ್ವೆಯವರು ಅಂದುಕೊಳ್ಳುತ್ತಾರೆ. ಹೆಸರು ಸೇರಿದರೆ ಏನಾದರೂ ಸಿಗಬಹುದು, ಸೇರದಿದ್ದರೆ ಇದ್ದದ್ದೂ ಹೋಗಬಹುದು. ಆ ಆಸೆಯಲ್ಲೋ ಭಯದಲ್ಲೋ ಹೂಂ ಅಂದರೆ ಅದು ನಿಮ್ಮ ಅಧ್ಯಯನಕ್ಕೆ ಕೊಟ್ಟ ಒಪ್ಪಿಗೆಯಲ್ಲ.

ಓದಿ ಹೇಳಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳಬೇಡಿ. ಎಲ್ಲರೂ ಆಯ್ತು ಅಂತಲೇ ಹೇಳುತ್ತಾರೆ. "ಅಕ್ಕ, ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡ್ತೀನಿ. ನಾನು ಯಾಕೆ ಬಂದಿದ್ದೀನಿ ಅಂತ ನಿಮ್ಮ ಮಾತಲ್ಲಿ ಒಂದ್ಸಲ ಹೇಳಿ" ಎಂದು ಕೇಳಿ. ತಪ್ಪಿದ್ದರೆ ತಪ್ಪು ನಿಮ್ಮದೇ, ಮತ್ತೆ ವಿವರಿಸಿ.

ಸಹಿ, ಹೆಬ್ಬೆಟ್ಟು ಮತ್ತು ಒಪ್ಪಿಗೆ

ಸಹಿ ಎಂದರೆ ಜನ ಹೆದರುವುದು ಯಾಕೆ? ಸಾಲದ ಪತ್ರ, ಜಮೀನಿನ ಪತ್ರಗಳಿಗೆ ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಿ ಕೆಟ್ಟವರ ಕತೆ ಪ್ರತಿ ಊರಿನಲ್ಲೂ ಇದೆ. ಹಾಗಾಗಿ ಸಹಿಗೆ ಹಿಂಜರಿದವರನ್ನು ಹಟಮಾರಿಗಳು ಅಂದುಕೊಳ್ಳಬೇಡಿ. ಓದಲು ಬಾರದವರಾದರೆ, ನೀವು ವಿವರಿಸುವಾಗ ಓದುಬರಹ ಬಲ್ಲ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು. ಆ ಸಾಕ್ಷಿ ನಿಮ್ಮ ಸ್ನೇಹಿತೆಯಾಗಿರಬಾರದು. ಅಪಾಯ ಕಡಿಮೆ ಇರುವ ಅಧ್ಯಯನಕ್ಕೆ ಬಾಯಿಮಾತಿನ ಒಪ್ಪಿಗೆ ಸಾಕಾ ಎಂದು ಕಮಿಟಿಯನ್ನು ಮೊದಲೇ ಕೇಳಿಕೊಳ್ಳಿ.

ಪ್ರಾಂಶುಪಾಲರು ಒಳಗೆ ಬರಲು ಬಿಟ್ಟರೆ, ಮ್ಯಾನೇಜರು ಜಾಗ ಕೊಟ್ಟರೆ, ಪಂಚಾಯ್ತಿ ಅಧ್ಯಕ್ಷರು "ಮಾಡ್ಕೊಳ್ಳಿ" ಅಂದರೆ ನಿಮಗೆ ಸಿಕ್ಕಿದ್ದು ಗೇಟು ದಾಟುವ ಅನುಮತಿ. ಅದು ಉತ್ತರ ಕೊಡುವವರ ಒಪ್ಪಿಗೆಯಲ್ಲ. ಆ ಒಪ್ಪಿಗೆಯನ್ನು ಒಬ್ಬೊಬ್ಬರಿಂದಲೂ ಬೇರೆಯಾಗಿ ಕೇಳಬೇಕು.

ಮೊದಲಿನ ತರಗತಿಗೇ ಬರೋಣ. ಅಲ್ಲಿ ಏನು ಮಾಡಬಹುದಿತ್ತು? ಮೇಷ್ಟ್ರನ್ನು ಹೊರಗೆ ಕಳಿಸಿ, "ಸಾರ್, ಒಂದು ಕಾಫಿ ಕುಡಿದು ಬನ್ನಿ" ಎಂದು. ಎಲ್ಲರಿಗೂ ಪ್ರಶ್ನಾವಳಿ ಮತ್ತು ಒಂದು ಕವರ್ ಕೊಡಿ. ತುಂಬಿದವರೂ ತುಂಬದವರೂ ಕವರಿಗೆ ಹಾಕಿ, ಅಂಟಿಸಿ, ಬಾಗಿಲ ಬಳಿಯ ಡಬ್ಬಿಗೆ ಹಾಕಲಿ. ಖಾಲಿ ಹಾಳೆ ಯಾರದೆಂದು ಮೇಷ್ಟ್ರಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ. ನಾಲ್ಕೈದು ಹಾಳೆ ಖಾಲಿ ಬಂದರೆ ಬೇಸರ ಬೇಡ. ಜಾಗ ಬಿಟ್ಟಿದ್ದು ನಿಜ ಅನ್ನುವುದಕ್ಕೆ ಅವೇ ಸಾಕ್ಷಿ.

ಪಾಠ ಮಾಡುವವರು ತಮ್ಮ ವಿದ್ಯಾರ್ಥಿಗಳಿಂದಲೇ ಡೇಟಾ ತೆಗೆಯುವುದೂ ಇದೇ ಜಾತಿಯ ತೊಡಕು. ಇಂಟರ್ನಲ್ಸ್ ಅಂಕ ಕೊಡುವ ಕೈಗೆ ಯಾರು ಬೇಡ ಅಂದಾರು? 1971ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮನಃಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ ಹುಡುಗರನ್ನು ಕೈದಿಗಳು, ಕಾವಲುಗಾರರು ಎಂದು ಹಂಚಿ ಹೂಡಿದ ಅಣಕು ಜೈಲಿನ ಪ್ರಯೋಗ ನೆನಪಿಸಿಕೊಳ್ಳಿ. ಸಂಶೋಧಕರೂ ಅವರೇ, ಜೈಲಿನ ಸೂಪರಿಂಟೆಂಡೆಂಟ್ ಪಾತ್ರವೂ ಅವರದೇ. ಕೈದಿಗಳ ಪಾತ್ರದಲ್ಲಿದ್ದ ಹುಡುಗರು ಕಂಗೆಡುತ್ತಿದ್ದರೂ ಸೂಪರಿಂಟೆಂಡೆಂಟ್ ಕಣ್ಣಿಗೆ ಅದು ಜೈಲಿನ ಸಮಸ್ಯೆಯಾಗಿ ಕಂಡಿತು. ಎರಡು ವಾರಕ್ಕೆಂದು ಯೋಜಿಸಿದ್ದು ಆರೇ ದಿನಕ್ಕೆ ನಿಂತಿತು. ಅದಕ್ಕೂ ಹೊರಗಿನಿಂದ ಬಂದು ನೋಡಿದ ಕ್ರಿಸ್ಟಿನಾ ಮ್ಯಾಸ್ಲಾಕ್ ಜಗಳ ಆಡಬೇಕಾಯಿತು. ನಿಮ್ಮ ಅಧ್ಯಯನಕ್ಕೂ ಹಾಗೆ ಹೊರಗಿನಿಂದ ನೋಡುವ ಒಂದು ಜೊತೆ ಕಣ್ಣು ಇರಲಿ. ಬೇರೆ ವಿಭಾಗದವರೊಬ್ಬರು ಡೇಟಾ ತೆಗೆದುಕೊಡಲಿ.

ಮನೆಗಳಿಗೆ ಹೋದಾಗ ಇನ್ನೊಂದು ಪಜೀತಿ. ಸೊಸೆಯನ್ನು ಮಾತಾಡಿಸಲು ಹೋದರೆ ಅತ್ತೆ ಬಂದು ಕೂರುತ್ತಾರೆ. ಹಿಂದೆಯೇ ಪಕ್ಕದ ಮನೆಯವರು. ಅತ್ತೆ ಎದುರಿಗೇ "ಅತ್ತೆ ಹೇಗೆ?" ಎಂದು ಕೇಳಿದರೆ ಏನು ಉತ್ತರ ಬರುತ್ತದೆ ಹೇಳಿ! ಇಬ್ಬರಾಗಿ ಹೋಗಿ. ಒಬ್ಬರು ಸೊಸೆಯ ಜೊತೆ ಹಿತ್ತಿಲಿಗೆ ಹೋದರೆ, ಇನ್ನೊಬ್ಬರು ಜಗುಲಿಯಲ್ಲಿ ಅತ್ತೆಯ ಮಂಡಿನೋವಿನ ಕತೆ ಕೇಳಲಿ. ಯಾರಾದರೂ ಹತ್ತಿರ ಬಂದರೆ ಮಾತು ಬದಲಿಸಲು ಅಡುಗೆಯದೋ ಮಳೆಯದೋ ಒಂದೆರಡು ಪ್ರಶ್ನೆ ಜೊತೆಗಿಟ್ಟುಕೊಳ್ಳಿ.

ಪಿಯುಸಿಯವರೂ ಮಕ್ಕಳೇ

ಜಾಸ್ತಿ ಜನ ಎಡವುವುದು ಇಲ್ಲೇ. ಕಾಲೇಜು ಎಂದಕೂಡಲೇ ದೊಡ್ಡವರು ಅಂದುಕೊಳ್ಳುತ್ತೇವೆ. ಪಿಯುಸಿಯಲ್ಲಿರುವವರಿಗೆ 16, 17 ವರ್ಷ. ಡಿಗ್ರಿ ಮೊದಲ ವರ್ಷದಲ್ಲೂ 18 ತುಂಬದವರು ಇರುತ್ತಾರೆ. 18ರ ಒಳಗಿನವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಅದರ ಜೊತೆಗೆ ಮಗುವಿನದೂ ಬೇಕು: ಐಸಿಎಂಆರ್ ಪ್ರಕಾರ 7ರಿಂದ 12 ವರ್ಷದವರೆಗೆ ಬಾಯಿಮಾತಿನಲ್ಲಿ, 12ರಿಂದ 18ರವರೆಗೆ ಬರಹದಲ್ಲಿ. ಅಮ್ಮ ಹೂಂ ಅಂದು ಮಗು ಉಹೂಂ ಅಂದರೆ ಅಲ್ಲಿಗೆ ಬಿಡಿ. ಆರು ವರ್ಷದ ಮಗು ಮುಖ ತಿರುಗಿಸಿದರೆ, ಅಳತೊಡಗಿದರೆ ಅದೂ 'ಬೇಡ' ಎಂದೇ.

ಹಾಸ್ಟೆಲ್ ಮಕ್ಕಳು ಸುಲಭವಾಗಿ ಸಿಗುತ್ತಾರೆ. ಒಂದೇ ಕಡೆ ಇರುತ್ತಾರೆ, ವಾರ್ಡನ್ ಒಂದು ಮಾತು ಹೇಳಿದರೆ ಸಾಲಾಗಿ ಬಂದು ಕೂರುತ್ತಾರೆ. ಆ ಸುಲಭಕ್ಕೇ ಹೆದರಬೇಕು. 1939ರಲ್ಲಿ ಅಮೆರಿಕದ ಅಯೋವಾದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ತನ್ನ ಗೈಡ್ ವೆಂಡೆಲ್ ಜಾನ್ಸನ್ ಮಾತಿನಂತೆ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ಮಾಡಿದಳು. ಚೆನ್ನಾಗಿಯೇ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ "ನಿನಗೆ ತೊದಲು ಇದೆ" ಎಂದು ಮತ್ತೆ ಮತ್ತೆ ಹೇಳಿದರು. ಮಕ್ಕಳು ಬಾಯಿ ಬಿಡುವುದನ್ನೇ ಕಡಿಮೆ ಮಾಡಿದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಅಂದಹಾಗೆ, ಅದು ಕೂಡ ಸ್ನಾತಕೋತ್ತರ ಡಿಸರ್ಟೇಶನ್ನೇ.

ಮಕ್ಕಳಿಗೆ "ನೀನು ಹೇಳಿದ್ದು ಯಾರಿಗೂ ಹೇಳಲ್ಲ" ಎಂದು ಪೂರ್ತಿ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ. ಸಂಶೋಧಕರಿಗೂ ವಿನಾಯಿತಿಯಿಲ್ಲ. ಹಾಗಾಗಿ ಮೊದಲೇ ಹೇಳಿ: "ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದಾರೆ ಅಂತ ಗೊತ್ತಾದರೆ ನಾನು ಸುಮ್ಮನಿರೋಕೆ ಆಗಲ್ಲ. ಸಹಾಯ ಮಾಡುವವರಿಗೆ ಹೇಳಬೇಕಾಗುತ್ತದೆ." 1098 ಮಕ್ಕಳ ಸಹಾಯವಾಣಿಯ ಸಂಖ್ಯೆ ಮಗುವಿನ ಕೈಯಲ್ಲೂ ಇರಲಿ.

"ಇನ್ನೆರಡೇ ಪ್ರಶ್ನೆ ಅಕ್ಕ"

ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಪ್ರಯೋಗ ಪಠ್ಯದಲ್ಲಿ ಬಂದೇ ಬರುತ್ತದೆ. ಗೋಡೆಯಾಚೆ ಕೂತವನು ತಪ್ಪು ಉತ್ತರ ಹೇಳಿದಾಗೆಲ್ಲ, ಪ್ರಯೋಗಕ್ಕೆ ಬಂದವನು ಗುಂಡಿ ಒತ್ತಿ ಅವನಿಗೆ ಕೊಡುವ ಶಾಕ್ ಜಾಸ್ತಿ ಮಾಡುತ್ತ ಹೋಗಬೇಕು. ಶಾಕ್ ಸುಳ್ಳು, ಅದು ಗುಂಡಿ ಒತ್ತುವವನಿಗೆ ಗೊತ್ತಿಲ್ಲ. 1963ರಲ್ಲಿ ಪ್ರಕಟವಾದ ವರದಿಯಲ್ಲಿ 40 ಜನರ ಪೈಕಿ 26 ಮಂದಿ 450 ವೋಲ್ಟ್‌ವರೆಗೆ ಹೋದರು. ನಾವು ಪರೀಕ್ಷೆಗೆ ಆ ಸಂಖ್ಯೆಯನ್ನು ಉರು ಹೊಡೆಯುತ್ತೇವೆ. ಸಂಶೋಧಕನ ಬಾಯಲ್ಲಿದ್ದ ಮಾತುಗಳನ್ನು ಮರೆಯುತ್ತೇವೆ. ನಿಲ್ಲಿಸುತ್ತೇನೆ ಅಂದವರಿಗೆ ಮೊದಲು "ದಯವಿಟ್ಟು ಮುಂದುವರಿಸಿ" ಅನ್ನುತ್ತಿದ್ದರು. ಕೊನೆಯದು, "ನಿಮಗೆ ಬೇರೆ ದಾರಿಯಿಲ್ಲ, ಮುಂದುವರಿಸಲೇಬೇಕು." ಬಂದದ್ದಕ್ಕೇ ದುಡ್ಡು, ಮುಂದೇನೇ ಆದರೂ ಅದು ನಿಮ್ಮದೇ ಎಂದು ಶುರುವಿನಲ್ಲೇ ಹೇಳಿದ್ದರು. ಹಾಗಿದ್ದೂ ಹೆಚ್ಚಿನವರು ಎದ್ದು ಹೋಗಲಿಲ್ಲ.

ನಾವು ಅಷ್ಟು ಬಿರುಸಾಗಿ ಹೇಳುವುದಿಲ್ಲ. "ಇನ್ನೆರಡೇ ಪ್ರಶ್ನೆ ಅಕ್ಕ, ಮುಗೀತು" ಅನ್ನುತ್ತೇವೆ. "ಇಷ್ಟು ದೂರ ಬಂದಿದ್ದೀನಿ" ಅನ್ನುತ್ತೇವೆ. "ಅರ್ಧ ಆದ್ರೆ ನನ್ನ ಮಾರ್ಕ್ಸ್ ಹೋಗುತ್ತೆ" ಅನ್ನುತ್ತೇವೆ. ಕೆಲಸ ಮಾತ್ರ ಒಂದೇ.

ಜೆರ್ರಿ ಬರ್ಗರ್ 2009ರಲ್ಲಿ ಇದೇ ಪ್ರಯೋಗವನ್ನು ಮತ್ತೆ ಮಾಡಿ ಪ್ರಕಟಿಸಿದಾಗ ಏನೇನು ಬದಲಿಸಿದರು ನೋಡಿ. ಒತ್ತಡ ತಾಳಲಾರದವರನ್ನು ಕ್ಲಿನಿಕಲ್ ಮನಃಶಾಸ್ತ್ರಜ್ಞರು ಮೊದಲೇ ಸೋಸಿದರು. ಯಾವಾಗ ಬೇಕಾದರೂ ಬಿಡಬಹುದು, ದುಡ್ಡು ನಿಮ್ಮದೇ ಎಂದು ಕಡಿಮೆಯೆಂದರೂ ಮೂರು ಸಲ ಹೇಳಿದರು. 150 ವೋಲ್ಟ್‌ಗೇ ನಿಲ್ಲಿಸಿದರು, ಏಕೆಂದರೆ ಮೊದಲಿನ ಪ್ರಯೋಗದಲ್ಲಿ ಅದನ್ನು ದಾಟಿದವರಲ್ಲಿ ಹೆಚ್ಚಿನವರು ಕೊನೆಯವರೆಗೂ ಹೋಗಿದ್ದರು. ನಿಂತ ಕೂಡಲೇ ಶಾಕ್ ಸುಳ್ಳು ಎಂದು ತಿಳಿಸಿದರು. ತಿಳಿಯಬೇಕಾದದ್ದು ಅಷ್ಟರಲ್ಲೇ ತಿಳಿಯಿತು.

'ಮೂರು ಸಲ' ಎನ್ನುವುದನ್ನು ಎತ್ತಿಕೊಳ್ಳಿ. ಶುರುವಿನಲ್ಲಿ ಒಂದು ಸಲ, ಕಷ್ಟದ ಭಾಗಕ್ಕೆ ಮುಂಚೆ ಒಂದು ಸಲ, ಮುಖ ಬಾಡಿದಾಗ ಇನ್ನೊಂದು ಸಲ. ಜನ ಬಾಯಿಬಿಟ್ಟು "ಸಾಕು" ಅನ್ನುವುದು ಕಡಿಮೆ. "ಒಲೆ ಮೇಲೆ ಅನ್ನ ಇಟ್ಟಿದ್ದೀನಿ" ಅನ್ನುತ್ತಾರೆ. "ಇನ್ನೊಂದ್ಸಲ ಬಾ ತಾಯಿ" ಅನ್ನುತ್ತಾರೆ. ಪುಸ್ತಕ ಮುಚ್ಚಿ, ನಮಸ್ಕಾರ ಹೇಳಿ ಹೊರಡಿ.

ಒಂಬತ್ತನೇ ಪ್ರಶ್ನೆಗೆ ಉತ್ತರ ಬಂದಾಗ

ಖಿನ್ನತೆ ಅಳೆಯಲು ಬಹಳ ಜನ ಒಂಬತ್ತು ಪ್ರಶ್ನೆಗಳ ಪ್ರಶ್ನಾವಳಿ ಪಿಎಚ್‌ಕ್ಯು-9 ಬಳಸುತ್ತಾರೆ. ಅದರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯದು. ಗೂಗಲ್ ಫಾರ್ಮ್‌ನಲ್ಲಿ ಹಾಕಿ ವಾಟ್ಸಾಪ್‌ನಲ್ಲಿ ಕಳಿಸಿದ್ದೀರಿ. ರಾತ್ರಿ ಎರಡು ಗಂಟೆಗೆ ಒಬ್ಬರು 'ಹೆಚ್ಚುಕಡಿಮೆ ಪ್ರತಿದಿನ' ಎಂದು ಒತ್ತಿದರು. ಹೆಸರಿಲ್ಲ, ಫೋನ್ ನಂಬರ್ ಇಲ್ಲ. ನೀವು ಶೀಟ್ ತೆರೆದು ನೋಡಿದ್ದು ಮೂರು ವಾರದ ಮೇಲೆ. ಈಗ?

ಈಗ ಮಾಡುವುದಕ್ಕೆ ಏನೂ ಉಳಿದಿಲ್ಲ. ಮೊದಲೇ ಮಾಡಬೇಕಿತ್ತು. ಸಂಪರ್ಕ ಸಿಗದ ಆನ್‌ಲೈನ್ ಅಧ್ಯಯನಕ್ಕೆ ಆ ಪ್ರಶ್ನೆ ಬೇಕೇ ಬೇಕಾ ಎಂದು ಗೈಡ್ ಜೊತೆ ಕೂತು ತೀರ್ಮಾನಿಸಿ. ಅದನ್ನು ಬಿಟ್ಟ ಎಂಟು ಪ್ರಶ್ನೆಗಳ ಪಿಎಚ್‌ಕ್ಯು-8 ಕೂಡ ಇದೆ. ಪ್ರಶ್ನೆ ಇರಲೇಬೇಕೆಂದರೆ ಅದರ ಕೆಳಗೇ, ಕೊನೆಯ ಪುಟದಲ್ಲಲ್ಲ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಹಾಕಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಉಚಿತ ಸೇವೆ ಇದು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಹಾಕುವ ಮೊದಲು ನೀವೇ ಒಮ್ಮೆ ಕರೆ ಮಾಡಿ, ಹೇಗೆ ಸಂಪರ್ಕವಾಗುತ್ತದೆ ನೋಡಿಕೊಳ್ಳಿ.

ಎದುರು ಕೂತು ಕೇಳುವಾಗ ಆ ಉತ್ತರ ಬಂದರೆ ಪ್ರಶ್ನಾವಳಿ ಪಕ್ಕಕ್ಕಿಡಿ. ಡೇಟಾ ಅಲ್ಲಿಗೆ ಮುಗಿಯಿತು. ಸಮಾಧಾನದಿಂದ ಕೇಳಿಸಿಕೊಳ್ಳಿ. ಒಬ್ಬರನ್ನೇ ಬಿಟ್ಟು ಬರಬೇಡಿ. ಅವರು ನಂಬುವ ಯಾರನ್ನು ಕರೆಯಬಹುದು ಎಂದು ಅವರನ್ನೇ ಕೇಳಿ. ಗೈಡ್‌ಗೆ ಆಗಲೇ ಫೋನ್ ಮಾಡಿ. ನೀವು ಇನ್ನೂ ವಿದ್ಯಾರ್ಥಿ, ಚಿಕಿತ್ಸೆ ಕೊಡಲು ಹೋಗಬೇಡಿ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದವರನ್ನು ಊರಿಗೆ ಹೋಗುವ ಮೊದಲೇ ಕಂಡು, "ಯಾರನ್ನಾದರೂ ಕಳಿಸಬೇಕಾಗಿ ಬಂದರೆ ನೋಡುತ್ತೀರಾ?" ಎಂದು ಕೇಳಿಟ್ಟುಕೊಂಡಿರಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಹಬ್ಬಿದ್ದು ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯಿಂದ. ಅದನ್ನು ನಾವೇ ಬಳಸಿಕೊಳ್ಳದಿದ್ದರೆ ಹೇಗೆ?

ಸುಳ್ಳು ಹೇಳಲೇಬೇಕಾದರೆ

ಕೆಲವು ಪ್ರಯೋಗದಲ್ಲಿ ನಿಜವಾದ ಉದ್ದೇಶ ಮೊದಲೇ ಹೇಳಿದರೆ ಕೆಲಸ ಕೆಡುತ್ತದೆ. ಬೇರೆ ದಾರಿಯಿಲ್ಲ ಎಂದು ಕಮಿಟಿಗೆ ಒಪ್ಪಿಸಬೇಕು, ನೋವಾಗುವ ಸಂಗತಿಯನ್ನು ಮುಚ್ಚಿಡಬಾರದು, ಮುಗಿದ ಕೂಡಲೇ ನಿಜ ಹೇಳಬೇಕು. ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ.

ಆದರೆ "ಅದು ಸುಳ್ಳು" ಎಂದು ಹೇಳಿದ ಮಾತ್ರಕ್ಕೆ ಸುಳ್ಳು ಮನಸ್ಸಿನಿಂದ ಹೋಗುವುದಿಲ್ಲ. ಲೀ ರಾಸ್ ಮತ್ತು ಜೊತೆಗಾರರು 1975ರಲ್ಲಿ ಇದನ್ನು ತೋರಿಸಿದರು. ಒಂದು ಕೆಲಸ ಕೊಟ್ಟು, ಕೆಲವರಿಗೆ ನೀವು ಜಾಣರು, ಕೆಲವರಿಗೆ ನೀವು ಹಿಂದುಳಿದಿರಿ ಎಂದು ಸುಳ್ಳು ಅಂಕ ಹೇಳಿದರು. ಆಮೇಲೆ ಅಂಕ ಸುಳ್ಳು ಎಂದು ತಿಳಿಸಿದರು. ಆದರೂ ಹಿಂದುಳಿದಿರಿ ಅನ್ನಿಸಿಕೊಂಡವರು ತಾವು ಹಿಂದುಳಿದವರೆಂದೇ ಅಂದುಕೊಂಡಿದ್ದರು. "ಹೀಗೆ ಸುಳ್ಳು ಮನಸ್ಸಿನಲ್ಲಿ ಉಳಿದುಬಿಡುತ್ತದೆ, ಎಚ್ಚರ" ಎಂದು ಅದನ್ನೂ ಬಿಡಿಸಿ ಹೇಳಿದಾಗ ಪರಿಣಾಮ ಬಹಳ ಇಳಿಯಿತು. ನೀವು ಯಾರಿಗಾದರೂ ಸುಳ್ಳು ಅಂಕ ಕೊಟ್ಟಿದ್ದರೆ ಕೂರಿಸಿ ವಿವರಿಸಿ, ಅಂಕಗಳನ್ನು ಮೊದಲೇ ಬರೆದಿಟ್ಟ ಪಟ್ಟಿ ತೋರಿಸಿ. ನಿಜ ತಿಳಿದ ಮೇಲೆ "ನನ್ನ ಡೇಟಾ ಬೇಡ" ಅಂದರೆ ಅವರೆದುರೇ ತೆಗೆದುಹಾಕಿ.

ದುಡ್ಡು

ದಿನಗೂಲಿಯವರ ಅರ್ಧ ದಿನ ತೆಗೆದುಕೊಂಡರೆ ಅರ್ಧ ದಿನದ ಕೂಲಿ, ಬಸ್ ಚಾರ್ಜು ಕೊಡಿ. ದುಡ್ಡಿಗಾಗಿಯೇ ಇಷ್ಟವಿಲ್ಲದ್ದಕ್ಕೆ ಒಪ್ಪುವಷ್ಟು ಕೊಡಬೇಡಿ. ನಡುವೆ ಎದ್ದು ಹೋದವರಿಗೂ ಕೊಡಿ. ಎಷ್ಟು ಎಂದು ಕಮಿಟಿಗೆ ಮೊದಲೇ ಬರೆದು ತಿಳಿಸಿ.

ಹಾಳೆ, ಫೋನು, ಗೂಗಲ್ ಫಾರ್ಮ್

ಫಾರ್ಮ್‌ನ ತಲೆಯಲ್ಲಿ 'ನಿಮ್ಮ ಗುರುತು ಯಾರಿಗೂ ತಿಳಿಯುವುದಿಲ್ಲ' ಎಂದು ಬರೆದು, ಕೆಳಗೆ ಇಮೇಲ್ ತೆಗೆದುಕೊಳ್ಳುವ ಆಯ್ಕೆ ಹಾಗೇ ಉಳಿದಿರುವುದನ್ನು ನೋಡಿದ್ದೇನೆ. ಕಳಿಸುವ ಮೊದಲು ಸೆಟ್ಟಿಂಗ್ ನೋಡಿ. ಪ್ರತಿ ಪ್ರಶ್ನೆಗೂ ಉತ್ತರ ಕಡ್ಡಾಯ ಎಂಬ ಕೆಂಪು ನಕ್ಷತ್ರ ಇದ್ದರೆ, 'ಇಷ್ಟವಿಲ್ಲದ್ದನ್ನು ಬಿಡಿ' ಎಂದ ನಿಮ್ಮ ಮಾತಿಗೆ ಬೆಲೆಯಿಲ್ಲ. ಅದನ್ನು ತೆಗೆಯಿರಿ, ಇಲ್ಲವೇ 'ಹೇಳಲು ಇಷ್ಟವಿಲ್ಲ' ಎಂಬ ಆಯ್ಕೆ ಸೇರಿಸಿ.

ಹೆಸರು ಬದಲಿಸಿದರೆ ಸಾಲದು. 'ಇಂಥ ತಾಲ್ಲೂಕಿನ ಒಬ್ಬಳೇ ಮಹಿಳಾ ಬಸ್ ಚಾಲಕಿ' ಎಂದು ಬರೆದರೆ ಊರಿಗೆಲ್ಲ ಯಾರೆಂದು ಗೊತ್ತು. ತಾಲ್ಲೂಕು ತೆಗೆಯಿರಿ, ವಯಸ್ಸನ್ನು 'ಮೂವತ್ತರ ಆಸುಪಾಸು' ಮಾಡಿ.

ವಾಟ್ಸಾಪ್, ಫೇಸ್‌ಬುಕ್ ಗುಂಪಿನಲ್ಲಿ ಸುಮ್ಮನೆ ಕೂತು ಜನರ ಮಾತನ್ನು ಡೇಟಾ ಮಾಡಿಕೊಳ್ಳಬೇಡಿ. ಫೇಸ್‌ಬುಕ್ 2012ರ ಜನವರಿಯಲ್ಲಿ ಒಂದು ವಾರ 6,89,003 ಜನರ ಫೀಡ್ ಬದಲಿಸಿ ಅವರ ಮನಸ್ಥಿತಿ ಹೇಗಾಗುತ್ತದೆ ಎಂದು ನೋಡಿತು. 2014ರಲ್ಲಿ ಅದು ಪ್ರಕಟವಾದಾಗ ದೊಡ್ಡ ಗಲಾಟೆಯಾಯಿತು. ಖಾತೆ ತೆರೆಯುವಾಗ ಒತ್ತಿದ 'ಒಪ್ಪಿದೆ' ಗುಂಡಿಯನ್ನೇ ಒಪ್ಪಿಗೆ ಎಂದು ತೋರಿಸಿದ್ದರು.

ರೆಕಾರ್ಡಿಂಗ್ ನಿಮ್ಮ ಸ್ವಂತ ಫೋನಿನಲ್ಲಿದ್ದರೆ ಅದು ತಾನಾಗೇ ಕ್ಲೌಡ್‌ಗೆ ಹೋಗುತ್ತಿರಬಹುದು, ತಮ್ಮ ಗೇಮ್ ಆಡುವಾಗ ಕೈ ತಾಗಿ ಓಡಲೂಬಹುದು. ಅವತ್ತೇ ಪಾಸ್‌ವರ್ಡ್ ಇರುವ ಫೋಲ್ಡರಿಗೆ ಹಾಕಿ, ಫೋನಿನಿಂದ ಅಳಿಸಿ. ಉತ್ತರದ ಹಾಳೆಯಲ್ಲಿ ಹೆಸರಿನ ಬದಲು ಹಾಕಿದ ಯಾವ ಸಂಖ್ಯೆ ಯಾರದು ಎಂಬ ಪಟ್ಟಿಯನ್ನು ಉತ್ತರಗಳ ಜೊತೆ ಇಡಬೇಡಿ, ಬೇರೆ ಕಡೆ ಇಡಿ. ಆ ಪಟ್ಟಿ ನಾಶ ಮಾಡುವ ತಾರೀಖನ್ನು ಕಮಿಟಿಗೆ ಕೊಟ್ಟಿರುತ್ತೀರಿ. ಅದನ್ನು ಈಗಲೇ ಕ್ಯಾಲೆಂಡರಿಗೆ ಹಾಕಿ, ಏಕೆಂದರೆ ಅಷ್ಟರಲ್ಲಿ ನೀವು ಎಲ್ಲೋ ಕೆಲಸಕ್ಕೆ ಸೇರಿರುತ್ತೀರಿ. ಅಳಿಸುವ ಮುಂಚೆ ಅದರಲ್ಲಿರುವ ಹೆಸರುಗಳಿಗೆ ಒಂದು ಪುಟದ ಕನ್ನಡದ ಸಾರಾಂಶ ತಲುಪಿಸಿ, ಏನು ಸಿಕ್ಕಿತು ಎಂದು. ಆಮೇಲೆ ಪಟ್ಟಿ ಅಳಿಸಿ. ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ.